ಕಿದ್ವಾಯಿ ನಗರದಲ್ಲಿ ಸಮುದ್ರ ಮಾತಾಡಿದ ಚಳಿಗಾಲ

1974ರ ನವೆಂಬರ್ 18, ಸೋಮವಾರ, ಸಂಜೆ ಐದೂಮುಕ್ಕಾಲು. ನನ್ನ ದಿನಚರಿಯಲ್ಲಿ ಆ ಹೊತ್ತಿನ ಮುಂದೆ ಇರುವುದು ಇಷ್ಟೇ: "ಹೋಟೆಲಿನ ಶಟರ್ ಕೆಳಗೆ ಬಗ್ಗಿಕೊಂಡು ಒಬ್ಬ ಬಿಳಿಯ ಮುದುಕ ಒಳಗೆ ಬಂದ. ಕಾಫಿ ಕೇಳಿದ." ಮುಂದಿನ ವಾರ 'ಬಂದ', 'ಕೇಳಿದ' ಎರಡನ್ನೂ ಹೊಡೆದುಹಾಕಿ 'ಬಂದರು', 'ಕೇಳಿದರು' ಎಂದು ತಿದ್ದಿದ್ದೇನೆ. ತಿದ್ದಿದ ತಾರೀಕನ್ನೂ ಪಕ್ಕದಲ್ಲಿ ಬರೆದಿದ್ದೇನೆ. ಅದು ನನ್ನ ಅಭ್ಯಾಸ.

ನಾಲ್ಕು ವರ್ಷಗಳ ಮೇಲೆ ಆ ದಿನಚರಿಯನ್ನು ಮತ್ತೆ ತೆಗೆಸಿದ್ದು ಒಂದು ವಾಸನೆ. ಕಳೆದ ಶನಿವಾರ ತೆಂಗಿನಕಾಯಿ, ಕರಿಬೇವು ತರಲೆಂದು ದೆಹಲಿಯ ನಮ್ಮ ಕಿದ್ವಾಯಿ ನಗರದ ಎದುರಿನ ಮಾರುಕಟ್ಟೆಗೆ ಹೋಗಿದ್ದೆ. ಅಲ್ಲಿ ಒಣಮೀನಿನ ಸಾಲನ್ನು ನಮ್ಮ ಮನೆಯಲ್ಲಿ ಎಲ್ಲರೂ ಮೂಗು ಮುಚ್ಚಿಕೊಂಡು ದಾಟುವುದು ವಾಡಿಕೆ. ಶಾಲಿನ ತುದಿಯನ್ನು ಮೂಗಿನವರೆಗೆ ತಂದವಳು ಹಾಗೇ ನಿಂತುಬಿಟ್ಟೆ. ಅದೇ ಅಂಗಡಿಯ ಮುಂದೆ ಒಂದು ಡಿಸೆಂಬರಿನಲ್ಲಿ ಐಸ್‌ಲ್ಯಾಂಡ್ ದೇಶದ ನಟರೊಬ್ಬರು ಕಣ್ಣು ಮುಚ್ಚಿ ನಿಂತು, "ಇದು ನಮ್ಮೂರು" ಎಂದು ನನಗೆ ಹೇಳಿದ್ದರು. ಶಾಲನ್ನು ಕೆಳಗೆ ಬಿಟ್ಟೆ. ಅಂಗಡಿಯವನು "ಕ್ಯಾ ಚಾಹಿಯೇ, ಬೆಹೆನ್‌ಜೀ?" ಎಂದ. ಏನೂ ಬೇಡವೆಂದು ಮನೆಗೆ ಬಂದು ಇದನ್ನು ಬರೆಯಲು ಕೂತೆ.

ಆಗ ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ಅಪ್ಪ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತರು. ದೆಹಲಿಯ ಕನ್ನಡಿಗರ ಒಂದು ಸಣ್ಣ ನಾಟಕದ ತಂಡವಿತ್ತು. ಹೌಜ್ ಖಾಸ್‌ನಲ್ಲಿ ನಮ್ಮ ಕರಾವಳಿಯ ಶೆಟ್ಟರ ಹೋಟೆಲಿಗೆ ಸೋಮವಾರ ರಜೆಯಾದ್ದರಿಂದ ಆ ದಿನ ಅಲ್ಲಿ ಟೇಬಲ್ಲುಗಳನ್ನು ಗೋಡೆಗೆ ಸರಿಸಿ ತಾಲೀಮು ನಡೆಸುತ್ತಿದ್ದೆವು. ನನಗೆ ಪಾತ್ರ ಮಾಡುವ ಆಸೆ. ಅಪ್ಪ ಒಪ್ಪಲಿಲ್ಲ. "ಪರದೆ ಹಿಂದೆ ಏನು ಬೇಕಾದ್ರೂ ಮಾಡು, ಮುಂದೆ ಬೇಡ" ಎಂದಿದ್ದರು. ಹಾಗಾಗಿ ನಾನು ಪ್ರಾಂಪ್ಟರ್. ನಟರು ಮಾತು ಮರೆತರೆ ಪಕ್ಕದ ಪರದೆಯ ಹಿಂದಿನಿಂದ ಎತ್ತಿಕೊಡುವ ಕೆಲಸ.

ನಮ್ಮ ತಂಡದಲ್ಲಿ ಅದು ಸಣ್ಣ ಕೆಲಸವೇನಲ್ಲ. ನಿರ್ದೇಶಕರೂ ನಾಯಕನಟರೂ ಆಗಿದ್ದ ಗೋಪಾಲರಾಯರು ಕಚೇರಿಯಲ್ಲಿ ಯಾವ ಕಡತದ ಯಾವ ಪುಟದಲ್ಲಿ ಏನಿದೆ ಎಂದು ನೋಡದೆ ಹೇಳುವ ಅಧಿಕಾರಿ. ನಾಟಕದ ಮಾತು ಮಾತ್ರ ಅವರಿಗೆ ನೆನಪಿರುತ್ತಿರಲಿಲ್ಲ. ನೆನಪಿಡುವ ಪ್ರಯತ್ನವನ್ನೂ ಮಾಡುತ್ತಿರಲಿಲ್ಲ. "ನೀನಿದೀಯಲ್ಲಮ್ಮ" ಎನ್ನುತ್ತಿದ್ದರು. ಯಾರಾದರೂ ಎರಡು ಉಸಿರಿನಷ್ಟು ಹೊತ್ತು ಸುಮ್ಮನಾದರೆ ಮರೆತರು ಎಂದೇ ಲೆಕ್ಕ, ಮುಂದಿನ ಸಾಲು ಕೊಡಬೇಕು. ಇದು ನಮ್ಮ ಕಾನೂನು. ಪಾರ್ಕುಗಳಲ್ಲಿ, ಶಾಮಿಯಾನಗಳ ಕೆಳಗೆ ಆಡುವ ನಾಟಕವಾದ್ದರಿಂದ ನನ್ನ ಪಿಸುಮಾತಿಗೂ ಗಂಟಲು ಬಂದುಬಿಟ್ಟಿತ್ತು.

ಆ ಸೋಮವಾರ ಅರ್ಧ ಇಳಿಸಿದ್ದ ಶಟರಿನ ಕೆಳಗಿನಿಂದ ಬಗ್ಗಿ ಬಂದವರು ಆರಡಿಗೂ ಮೀರಿದ ಎತ್ತರದವರು, ಬಿಳಿಯ ಗಡ್ಡದವರು.

"ಇವತ್ತು ರಜೆ ಉಂಟು ಸಾಹೇಬ್ರೆ. ಮಂಡೇ ಕ್ಲೋಸ್," ಎಂದರು ಶೆಟ್ಟರು. ಆದರೂ ಕಾಫಿ ಮಾಡಿಸಿ ಕೊಟ್ಟರು. ಬಂದವರು ಮೂಲೆಯಲ್ಲಿ ಕೂತು ಇಡೀ ತಾಲೀಮು ನೋಡಿದರು. ಮುಗಿದ ಮೇಲೆ ಎದ್ದು ಬಂದರು. ಗೋಪಾಲರಾಯರು ಕೈ ಕುಲುಕಲು ಸಿದ್ಧರಾಗಿ ಶಾಲು ಸರಿಮಾಡಿಕೊಂಡರು. ಅವರು ರಾಯರನ್ನು ದಾಟಿ ಬಂದು ನನ್ನ ಮುಂದೆ ನಿಂತು ತಲೆ ಬಾಗಿಸಿದರು.

"ನಮ್ಮಲ್ಲಿ ನಾಟಕ ಮುಗಿದ ಮೇಲೆ ಮೊದಲ ನಮಸ್ಕಾರ ಪಿಸುಮಾತಿನವಳಿಗೆ," ಎಂದರು, ನಿಧಾನವಾದ ಇಂಗ್ಲಿಷಿನಲ್ಲಿ.

ಆ ಹೊತ್ತಿಗೆ ನನಗೆ ಮಾತು ಎತ್ತಿಕೊಡುವವರು ಯಾರೂ ಇರಲಿಲ್ಲ.

ಅವರ ಹೆಸರು ಎಯ್ನಾರ್. ಶೆಟ್ಟರು ಎರಡು ದಿನದಲ್ಲಿ ಅದನ್ನು 'ಐನಾರ್ರು' ಮಾಡಿಕೊಂಡರು. ಎರಡನೆಯ ಹೆಸರು ಮನೆತನದ್ದಲ್ಲ, ಅಪ್ಪನ ಹೆಸರಿನ ಮುಂದೆ 'ಮಗ' ಎಂದು ಸೇರಿಸಿದ್ದು, ಅವರ ದೇಶದಲ್ಲಿ ಎಲ್ಲರಿಗೂ ಹಾಗೆಯೇ ಎಂದಾಗ ಅಪ್ಪನಿಗೆ ಬಹಳ ಸಮಾಧಾನವಾಯಿತು. "ನಮ್ಮ ಇನಿಶಿಯಲ್ ಇದ್ದ ಹಾಗೇ. ಇಷ್ಟು ದೂರ ಹೋದ್ರೂ ಮರ್ಯಾದಸ್ಥರು ಇದಾರೆ," ಎಂದರು. ಎಯ್ನಾರ್ ಅವರ ಮಗಳು ಹೆಲ್ಗಾಳ ಗಂಡ ಹೌಜ್ ಖಾಸ್ ಬಳಿಯ ಎಂಜಿನಿಯರಿಂಗ್ ಸಂಸ್ಥೆಯಲ್ಲಿ ಪಾಠ ಮಾಡಲು ಬಂದಿದ್ದ ವಿದೇಶಿ. ಮಗಳ ಮನೆಯಲ್ಲಿ ಒಂದು ಚಳಿಗಾಲ ಕಳೆಯಲೆಂದು ತಂದೆ ಬಂದಿದ್ದರು. "ಚಳಿ ತಪ್ಪಿಸಿಕೊಳ್ಳೋಕೆ ದೆಹಲಿಗೆ ಬಂದ್ರಾ?" ಎಂದು ಗೋಪಾಲರಾಯರು ಮಂಕಿ ಟೋಪಿಯೊಳಗಿನಿಂದ ಕೇಳಿದ್ದರು. ಎಯ್ನಾರ್ ತೆಳ್ಳನೆಯ ಅಂಗಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು.

ಆಮೇಲಿನ ಸೋಮವಾರಗಳಲ್ಲಿ ಅವರು ತಪ್ಪದೆ ಬಂದರು. ಅವರ ನಟನಾ ಜೀವನದ ಕತೆ ನಮಗೆ ಸಿಕ್ಕಿದ್ದು ತುಂಡುತುಂಡಾಗಿ, ತಾಲೀಮಿನ ನಡುವಿನ ಕಾಫಿಯ ಹೊತ್ತಿನಲ್ಲಿ. ನಾನು ಮನೆಗೆ ಬಂದು ವರ್ಷಗಳ ಪ್ರಕಾರ ಜೋಡಿಸುತ್ತಿದ್ದೆ.

ಹುಟ್ಟಿದ್ದು ಪಶ್ಚಿಮ ತೀರದ ಮೀನುಗಾರರ ಊರು. ಹದಿಮೂರಕ್ಕೇ ಮೀನು ಸೀಳಿ ಉಪ್ಪು ಹಾಕುವ ಕೆಲಸ. ಹದಿನೆಂಟಕ್ಕೆ ಊರಿನ ಸಭಾಮನೆಯಲ್ಲಿ ಮೊದಲ ಪಾತ್ರ, ಎಂಬತ್ತರ ಮುದುಕನದು. ಆಮೇಲೆ ರಾಜಧಾನಿಗೆ ಹೋದರು. ಅಲ್ಲಿ ಕೊಳದ ದಡದಲ್ಲಿ ತಗಡು ಹೊದಿಸಿದ ಒಂದು ಹಳೆಯ ಮನೆಯಲ್ಲಿ ನಾಟಕಗಳು. ಹಗಲು ಬಂದರಿನಲ್ಲಿ ಮೂಟೆ ಲೆಕ್ಕ, ಸಂಜೆ ರಾಜನ ಪಾತ್ರ. ಸರ್ಕಾರ ದೊಡ್ಡ ರಂಗಮಂದಿರ ಕಟ್ಟಿ ನಟರಿಗೆ ಸಂಬಳ ಕೊಡತೊಡಗಿದಾಗ ಇವರಿಗೆ ನಲವತ್ತರ ಹತ್ತಿರ. "ಆವರೆಗೆ ನಿಮ್ಮ ಹಾಗೇ," ಎಂದು ಗೋಪಾಲರಾಯರ ಕಡೆ ಕೈ ತೋರಿಸಿದರು. ರಾಯರು ಆ ದಿನವೆಲ್ಲ ಬೀಗಿದರು.

ಅದು ನಮ್ಮ ಒಂದು ಊರಿನಷ್ಟು ಜನರ ದೇಶ. ನೋಡುವವರಿಗೆಲ್ಲ ನಟ ಗೊತ್ತು, ನಟನಿಗೆ ನೋಡುವವರು ಗೊತ್ತು. ಒಂದು ನಾಟಕದಲ್ಲಿ ಇವರು ಹೆಂಡತಿಯನ್ನು ಮನೆಯಿಂದ ಹೊರಗೆ ಹಾಕುವ ಪಾತ್ರ ಮಾಡಿದ್ದರಂತೆ. ಮರುದಿನ ಅಂಗಡಿಯಾಕೆ ಇವರಿಗೆ ಬ್ರೆಡ್ ಕೊಡಲಿಲ್ಲ. "ಅವಳಿಗೆ ಅದು ನಾಟಕ ಅಂತ ಗೊತ್ತಿತ್ತು. ನನ್ನ ಹೆಂಡತಿಯ ಜೊತೆ ಅವಳು ಶಾಲೆಗೆ ಹೋದವಳು. ಆದ್ರೂ ಕೊಡಲಿಲ್ಲ. ನನಗೆ ಸಿಕ್ಕ ದೊಡ್ಡ ಪ್ರಶಸ್ತಿ ಅದು," ಎಂದರು.

ಅವರ ದೇಶದಲ್ಲಿ ಆಗ ಸಿನಿಮಾ ತಯಾರಾಗುವುದೇ ಅಪರೂಪ. ನೆರೆಯ ದೇಶದವರು ಸಮುದ್ರದ ಕತೆ ತೆಗೆಯುವಾಗ ಇವರನ್ನು ಕರೆಸುತ್ತಿದ್ದರು. ಒಂದರಲ್ಲಿ ಪಾದ್ರಿ, ಇನ್ನೊಂದರಲ್ಲಿ ಕುಡುಕ ನಾವಿಕ, ಮತ್ತೊಂದರಲ್ಲಿ ದಡಕ್ಕೆ ಬಂದ ಹೆಣ. ಹೆಣದ ಪಾತ್ರವನ್ನು ಅವರು ಎಲ್ಲಕ್ಕಿಂತ ಗಂಭೀರವಾಗಿ ವಿವರಿಸಿದರು.

"ಅಷ್ಟು ಚಳಿಯಲ್ಲಿ ಬಾಯಿಂದ ಆವಿ ಬರುತ್ತೆ. ಹೆಣಕ್ಕೆ ಆವಿ ಬರಬಾರದಲ್ಲ. ಅದಕ್ಕೆ ಕ್ಯಾಮೆರಾ ಶುರುವಾಗೋ ಮೊದಲು ಬಾಯಲ್ಲಿ ಮಂಜುಗಡ್ಡೆ ಇಟ್ಕೊಳ್ತಿದ್ದೆ. ಬಾಯಿ ತಣ್ಣಗಾದ್ರೆ ಉಸಿರು ಕಾಣೋದಿಲ್ಲ."

"ಅಬ್ಬ," ಎಂದರು ಶೆಟ್ಟರು. "ಸತ್ತವರ ಪಾತ್ರಕ್ಕೆ ಇಷ್ಟು ಕಷ್ಟವಾ ಮಾರಾಯ್ರೆ? ನಮ್ಮ ರಾಯರು ಬದುಕಿದ್ದವರ ಪಾತ್ರಕ್ಕೇ ಮಾತು ಕಲಿಯುದಿಲ್ಲ."

ಡಿಸೆಂಬರ್ 8, ಭಾನುವಾರ. ಹೆಲ್ಗಾ ಅವರನ್ನು ನಮ್ಮ ಮನೆಯ ಹತ್ತಿರ ಕಾರಿನಲ್ಲಿ ಬಿಟ್ಟುಹೋದಳು. ಕ್ವಾರ್ಟರ್ಸಿನ ಮುಂದಿನ ಹುಲ್ಲಿನ ಮೇಲೆ ಬಿಸಿಲಿಗೆ ಚಾಪೆ ಹಾಕಿ ಕೂತಿದ್ದೆವು. ಅಪ್ಪ ಪೇಪರ್ ಹಿಡಿದು ಸ್ವಲ್ಪ ದೂರದಲ್ಲಿದ್ದರು. ಅಮ್ಮ ಒಳಗಿನಿಂದ ಕಡಲೆಕಾಯಿ ತಂದಿಟ್ಟು ಹೋದಳು. ಎಯ್ನಾರ್ ಒಂದು ಕಡಲೆಕಾಯಿಯನ್ನು ಬಿಡಿಸದೆ ಕೈಯಲ್ಲಿ ತಿರುಗಿಸುತ್ತ, ತಾವು ಬಂದ ನಿಜವಾದ ಕಾರಣ ಹೇಳಿದರು.

ಅವರ ರಂಗಮಂದಿರದಲ್ಲಿ ಗುದ್ರುನ್ ಎಂಬ ಹೆಂಗಸು ಪ್ರಾಂಪ್ಟರ್ ಆಗಿದ್ದಳು. ಇವರು ಆಡಿದ ನೂರಕ್ಕೂ ಮಿಕ್ಕ ಪಾತ್ರಗಳಲ್ಲಿ ಹೆಚ್ಚಿನವಕ್ಕೆ ಅವಳೇ ರಂಗದ ಮುಂದಿನ ಪೆಟ್ಟಿಗೆಯಂಥ ಗೂಡಿನಲ್ಲಿ ಕೂತವಳು. ಹಿಂದಿನ ವರ್ಷ ತೀರಿಕೊಂಡಳು. ಅವಳು ಹೋದ ಮೇಲೆ ಇವರಿಗೆ ಮಾತು ಮರೆಯತೊಡಗಿತು. ವಸಂತದಲ್ಲಿ ಒಂದು ದೊಡ್ಡ ಪಾತ್ರದ ನಡುವೆ ನಿಂತುಬಿಟ್ಟರು. ಪರದೆ ಎಳೆಯಬೇಕಾಯಿತು. ಜ್ವರ ಎಂದು ಹೇಳಿ ರಜೆ ಪಡೆದರು.

"ಮಗಳಿಗೆ ಗೊತ್ತಾ?" ಎಂದೆ.

"ಇಲ್ಲ. ಜ್ವರ ಅಂತಲೇ ಹೇಳಿದೀನಿ."

ಮಾರ್ಚಿನಲ್ಲಿ ಅವರು ರಂಗಮಂದಿರಕ್ಕೆ ಉತ್ತರ ಹೇಳಬೇಕಿತ್ತು. ಮುಂದುವರಿಯುತ್ತಾರೋ, ಬಿಡುತ್ತಾರೋ. ಅದಕ್ಕೆ ಮುಂಚೆ ಒಂದು ಸಲ, ಜನರ ಮುಂದೆ, ಒಂದು ನಾಟಕವನ್ನು ಕೊನೆಯವರೆಗೆ ಮುಟ್ಟಿಸಬಲ್ಲೆನೇ ಎಂದು ನೋಡಿಕೊಳ್ಳಬೇಕು. "ಇಲ್ಲಿ ನನ್ನ ಭಾಷೆ ಯಾರಿಗೂ ಗೊತ್ತಿಲ್ಲ. ತಪ್ಪಿದ್ರೆ ನಗೋರಿಲ್ಲ. ಆದ್ರೆ ಮುಗಿಸಿದೆನೋ ಇಲ್ವೋ, ಅದು ನನಗೆ ಗೊತ್ತಾಗುತ್ತೆ. ಮುಗಿಸದೆ ಹೋದ್ರೆ ಬಿಟ್ಟುಬಿಡ್ತೀನಿ. ನಲವತ್ತಾರು ವರ್ಷ ಆಯ್ತು, ಸಾಕು."

ಸಂಕ್ರಾಂತಿಯ ಮುಂದಿನ ಭಾನುವಾರ ನಮ್ಮ ತಂಡದ ನಾಟಕವಿತ್ತು. ಅದಕ್ಕೆ ಮೊದಲು ಅರ್ಧ ಗಂಟೆ ಸಿಗಬಹುದೇ ಎಂದು ಕೇಳಿದರು. ಅಷ್ಟೇ ಅಲ್ಲ, ನಾನು ಪ್ರಾಂಪ್ಟರ್ ಆಗಬಹುದೇ ಎಂದರು.

"ನನಗೆ ನಿಮ್ಮ ಭಾಷೆಯ ಒಂದಕ್ಷರವೂ ಬರಲ್ಲ."

"ನಿಮ್ಮ ಲಿಪಿಯಲ್ಲಿ ಕೇಳಿದ್ದನ್ನ ಹಾಗೇ ಬರೀಬಹುದು ಅಂತ ನಿಮ್ಮಪ್ಪ ಹೇಳ್ತಿದ್ರು."

ಪೇಪರಿನ ಹಿಂದಿನಿಂದ ಅಪ್ಪ, "ಬರೀಬಹುದು ಬರೀಬಹುದು. ಪರದೆ ಹಿಂದಿನ ಕೆಲಸ ತಾನೆ," ಎಂದರು. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಹೀಗೆ ಐಸ್‌ಲ್ಯಾಂಡಿನ ಒಂದು ನಾಟಕ ಕನ್ನಡ ಅಕ್ಷರಕ್ಕೆ ಇಳಿಯಿತು. ಡಿಸೆಂಬರಿನ ಬಿಸಿಲಿನಲ್ಲಿ ಅವರು ಒಂದೊಂದೇ ಸಾಲು ಹೇಳುವರು, ನಾನು ಸದ್ದನ್ನು ಹಿಡಿಯುವೆ. ನಾಲಿಗೆಯನ್ನು ಹಲ್ಲುಗಳ ನಡುವೆ ಇಟ್ಟು ಹೇಳುವ ಒಂದು 'ದ' ಇತ್ತು, ಅದರಡಿ ಚುಕ್ಕಿ ಇಟ್ಟೆ. ಗಾಳಿ ಮಾತ್ರ ಹೊರಗೆ ಹೋಗುವ ಒಂದು 'ಲ' ಇತ್ತು, ಅದಕ್ಕೆ ಗೆರೆ. ಎಲ್ಲಕ್ಕಿಂತ ವಿಚಿತ್ರವಾದದ್ದು ಅವರ 'ಹೌದು'. ಅದನ್ನು ಕೆಲವು ಸಲ ಉಸಿರನ್ನು ಒಳಗೆ ಎಳೆದುಕೊಳ್ಳುತ್ತಾ ಹೇಳುತ್ತಾರೆ, ಬೆಚ್ಚಿದವರ ಹಾಗೆ. ಹೊರಗೆ ಬಿಡುವ ಮಾತುಗಳಿಗಷ್ಟೇ ನಮ್ಮಲ್ಲಿ ಅಕ್ಷರವಿದೆ. ಅಂಚಿನಲ್ಲಿ ಒಳಮುಖದ ಒಂದು ಬಾಣ ಹಾಕಿದೆ.

ಒಂದು ಪುಟ ಬರೆದು ತಿರುಗಿ ಓದಿದಾಗ ಅವರು ಕಣ್ಣರಳಿಸಿ ಕೂತರು. "ಪೂರ್ವ ತೀರದಲ್ಲಿ ನಮ್ಮ ಒಬ್ಬಳು ಅತ್ತೆ ಇದ್ಲು. ಅವಳು ಹೀಗೇ ಮಾತಾಡ್ತಿದ್ಲು," ಎಂದರು. ಗೋಪಾಲರಾಯರಿಗೆ ಇದು ತಿಳಿದಾಗ, "ನೋಡು, ಅವರ ಅತ್ತೆ ಆಗಿಬಿಟ್ಟೆ, ನನಗೆ ಇನ್ನೂ ಒಂದು ಡೈಲಾಗ್ ನೆಟ್ಟಗೆ ಕೊಡಲ್ಲ," ಎಂದರು.

ನಾಟಕ ಸರಳ. ಎಯ್ನಾರ್ ತಮ್ಮ ಊರಿನ ಹಳೆಯ ಒಂದು ಸುದ್ದಿಯಿಂದ ತಾವೇ ಕಟ್ಟಿಕೊಂಡದ್ದು. ಒಬ್ಬ ಮುದುಕ ದಡದಲ್ಲಿ ಹಗ್ಗ ಸುತ್ತುತ್ತಾ ಕೂತಿದ್ದಾನೆ. ಅವನ ಹೆಂಡತಿ ಸೂಲಗಿತ್ತಿ. ಆಚೆ ದಡದಲ್ಲಿ ಹೆರಿಗೆ ಎಂದು ದೋಣಿಯಲ್ಲಿ ಹೋದವಳು ವಾಪಸ್ಸು ಬಂದಿಲ್ಲ. ಬಹಳ ವರ್ಷಗಳಾಗಿವೆ. ಅವನು ಸಮುದ್ರದ ಜೊತೆ ಮಾತಾಡುತ್ತಾನೆ. ಬೈಯುತ್ತಾನೆ, ಜೋಕು ಹೇಳುತ್ತಾನೆ, ಕೇಳುತ್ತಾನೆ. ಸಮುದ್ರ ಉತ್ತರ ಕೊಡುವುದಿಲ್ಲ. ಕೊನೆಗೆ ಅವಳು ತನ್ನನ್ನು ಕರೆಯುತ್ತಿದ್ದ ಮಾತುಗಳನ್ನು ಅವನೇ ಹೇಳಿಕೊಳ್ಳುತ್ತಾ ಹಗ್ಗವನ್ನು ಕೆಳಗಿಡುತ್ತಾನೆ. ಆ ಮಾತು "ಕೊಮ್ದು ಹೇಯ್ಮ್". ಮನೆಗೆ ಬಾ ಎಂದರ್ಥ. ನಾನು ಅರ್ಥ ಕೇಳಿ ಬರೆದುಕೊಂಡ ಸಾಲು ಅದೊಂದೇ. ಉಳಿದದ್ದರ ಅರ್ಥ ತಿಳಿದರೆ ನನ್ನ ಓದಿಗೆ ಭಾವ ಬಂದುಬಿಡುತ್ತದೆ, ಬೇಡ ಎಂದರು. "ಪ್ರಾಂಪ್ಟರ್ ಅಳಬಾರದು."

ಮೊದಲ ತಾಲೀಮಿನಲ್ಲೇ ಎಡವಟ್ಟಾಯಿತು. ಎರಡನೆಯ ಪುಟದಲ್ಲಿ ಅವರು ಸುಮ್ಮನಾದರು. ನಮ್ಮ ಕಾನೂನಿನಂತೆ ಎರಡು ಉಸಿರು ಆಗುತ್ತಿದ್ದಂತೆ ನಾನು ಮುಂದಿನ ಸಾಲು ಕೊಟ್ಟೆ. ಅವರು ನಕ್ಕು ಹಗ್ಗ ಕೆಳಗಿಟ್ಟರು.

"ನಾನು ಸಮುದ್ರ ನೋಡ್ತಿದ್ದೆ. ನೀನು ಕಿತ್ಕೊಂಡೆ."

"ಮರೆತಿರಿ ಅಂದ್ಕೊಂಡೆ."

"ಇಲ್ಲ. ಕಾಯ್ತಿದ್ದೆ."

ಎರಡಕ್ಕೂ ವ್ಯತ್ಯಾಸ ಹೇಗೆ ತಿಳಿಯುವುದು, ಒಂದು ಸನ್ನೆ ಇಟ್ಟುಕೊಳ್ಳೋಣ ಎಂದೆ. ಅವರು ಒಪ್ಪಲಿಲ್ಲ. ಮರೆತವನಿಗೆ ಸನ್ನೆಯೂ ಮರೆಯುತ್ತದೆ ಎಂದರು. ಗುದ್ರುನ್ ನೋಡುತ್ತಿದ್ದದ್ದು ಭುಜವನ್ನಂತೆ. ಮೌನವನ್ನು ಆಡುವವನು ಉಸಿರಾಡುತ್ತಲೇ ಇರುತ್ತಾನೆ, ಭುಜ ಏರಿಳಿಯುತ್ತದೆ. ಮಾತು ಕಳೆದುಕೊಂಡವನ ಉಸಿರು ಕಟ್ಟುತ್ತದೆ. "ಪುಸ್ತಕ ನೋಡಬೇಡ. ಬೆರಳು ಸಾಲಿನ ಮೇಲಿರಲಿ, ಕಣ್ಣು ನನ್ನ ಮೇಲಿರಲಿ. ಉಸಿರು ನಿಂತರೆ ಮಾತ್ರ ಕೊಡು."

ಆಮೇಲಿನ ವಾರಗಳಲ್ಲಿ ಅವರು ನನಗೆ ಕಲಿಸಿದ್ದು ಸುಮ್ಮನಿರುವುದನ್ನು. ಅದು ಎಷ್ಟು ಕಷ್ಟವೆಂದು ನಮ್ಮ ತಂಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮಗೆ ಮೌನವೆಂದರೆ ತಪ್ಪು. ಅವರಿಗೆ ಅದು ಮಾತಿನ ಇನ್ನೊಂದು ಜಾತಿ. ಅವರು ಖಾಲಿ ಹುಲ್ಲಿನ ಕಡೆ ನೋಡುತ್ತ ನಿಂತರೆ ನಾನೂ ಆ ಕಡೆ ತಿರುಗಿ ನೋಡುತ್ತಿದ್ದೆ, ಅಲ್ಲಿ ಏನೋ ಬರುತ್ತಿದೆ ಎಂಬಂತೆ. ಆದರೆ ಕೆಲವು ಸಲ ಭುಜ ನಿಜವಾಗಿಯೂ ನಿಲ್ಲುತ್ತಿತ್ತು. ಆಗ ಅವರ ಕಣ್ಣಿನಲ್ಲಿ ಬರುತ್ತಿದ್ದ ಭಯ ಪಾತ್ರದ್ದಲ್ಲ. ನಾನು ಸಾಲು ಕೊಡುತ್ತಿದ್ದೆ, ಅವರು ಹಿಡಿದುಕೊಳ್ಳುತ್ತಿದ್ದರು. ಪ್ರತಿ ಸಲವೂ ನಿಂತದ್ದು ಬೇರೆ ಬೇರೆ ಜಾಗದಲ್ಲಿ. ಯಾವ ಪುಟದಲ್ಲಿ ಎಚ್ಚರವಾಗಿರಬೇಕೆಂದು ಗುರುತು ಹಾಕಿಕೊಳ್ಳಲು ನೋಡಿದೆ, ಆಗಲಿಲ್ಲ. ಇಡೀ ನಾಟಕವೇ ಎಚ್ಚರ ಬೇಡುತ್ತಿತ್ತು.

ಮಾರುಕಟ್ಟೆಗೆ ಹೋದದ್ದು ಆ ದಿನಗಳಲ್ಲೇ ಒಂದು ಮಧ್ಯಾಹ್ನ. ಒಣಮೀನಿನ ಅಂಗಡಿಯ ಮುಂದೆ ನಿಂತು ಅವರು ತಮ್ಮೂರಿನ ದಡದ ಕೋಲುಗಳಲ್ಲಿ ಗಾಳಿಗೆ ತೂಗುಬಿಟ್ಟ ಮೀನಿನ ಬಗ್ಗೆ ಹೇಳಿದರು. ನಾನು ದುಪಟ್ಟಾ ಮೂಗಿಗೆ ಹಿಡಿದು, ಅವರಿಗೆ ಬೇಸರವಾಗದಿರಲಿ ಎಂದು ಮೆಲ್ಲಗೆ ತೆಗೆದೆ.

1975ರ ಜನವರಿ 19, ಭಾನುವಾರ. ಕಾಲೋನಿಯ ಪಾರ್ಕಿನಲ್ಲಿ ಶಾಮಿಯಾನ, ಹಲಗೆಯ ರಂಗ, ಎರಡು ದೊಡ್ಡ ದೀಪ. ಮಂಜು ನಾಲ್ಕು ಗಂಟೆಗೇ ಇಳಿದಿತ್ತು. ಜನ ಶಾಲು ಹೊದ್ದು, ಎಳ್ಳುಬೆಲ್ಲದ ಪೊಟ್ಟಣ, ಕಡಲೆಕಾಯಿ ಹಿಡಿದು ಕೂತಿದ್ದರು. ಮೊದಲ ಸಾಲಿನಲ್ಲಿ ಅಪ್ಪ, ಶೆಟ್ಟರು, ಹೆಲ್ಗಾ. ಗೋಪಾಲರಾಯರು ಅರ್ಧ ಬಣ್ಣ ಹಚ್ಚಿದ ಮುಖದಲ್ಲೇ ಮೈಕಿನ ಮುಂದೆ ಬಂದು, "ಮಾನ್ಯ ಅತಿಥಿಗಳು ಅವರ ಭಾಷೆಯಲ್ಲಿ ಒಂದು ಸಣ್ಣ ಐಟಂ ಕೊಡ್ತಾರೆ. ಅರ್ಧ ಗಂಟೆ ಸಹಕರಿಸಿ, ಆಮೇಲೆ ನಮ್ಮ ನಾಟಕ ಇದ್ದೇ ಇದೆ," ಎಂದು ಹೋದರು. ಕತೆಯನ್ನು ಹೇಳಲೇ ಇಲ್ಲ.

ಎಯ್ನಾರ್ ರಂಗಕ್ಕೆ ಬಂದರು. ಹೆಲ್ಗಾ ಎಲ್ಲಿಂದಲೋ ತಂದಿದ್ದ ನಾವಿಕರ ದಪ್ಪ ಕೋಟು ಹಾಕಿಕೊಂಡಿದ್ದರು. ಹಲಗೆಯ ಹಾಗೆ ಬಿರುಸಾದ ಕೋಟು. ಭುಜ ಕಾಣುತ್ತಲೇ ಇರಲಿಲ್ಲ.

ಶಾಮಿಯಾನದವನಿಂದ ತಂದ ಹಗ್ಗವನ್ನು ಅವರು ಸುತ್ತತೊಡಗಿದರು. ಮಾತಿಲ್ಲ. ಜನ ಇವರು ಸಾಮಾನು ಸರಿಮಾಡುವವರು ಎಂದುಕೊಂಡರು. ಹಿಂದಿನಿಂದ ಯಾರೋ "ಭಯ್ಯಾ, ಜಲ್ದಿ ಕರೋ" ಎಂದರು. ನಗು ಎದ್ದಿತು. ಎಯ್ನಾರ್ ಕತ್ತೆತ್ತಿ ಆ ಕಡೆ ನೋಡಿದರು. ಮನುಷ್ಯರನ್ನು ನೋಡುವ ನೋಟವಲ್ಲ ಅದು. ಎಲ್ಲರನ್ನೂ ದಾಟಿ, ಪಾರ್ಕಿನ ಬೇಲಿಯನ್ನೂ ಅದರಾಚೆಯ ಕ್ವಾರ್ಟರ್ಸುಗಳನ್ನೂ ದಾಟಿ ಎಲ್ಲೋ ನಿಂತಿತು. ನಗು ಒಂದೊಂದೇ ಸಾಲಿನಲ್ಲಿ ಆರಿತು. ಕಡಲೆಕಾಯಿ ಬಿಡಿಸುವ ಸದ್ದು ನಿಂತಿತು. ಎಯ್ನಾರ್ ಆ ಕಡೆಗೇ ಮಾತು ಶುರುಮಾಡಿದರು. ಒಂದು ಪುಟ್ಟ ಹುಡುಗಿ, "ಮಮ್ಮೀ, ಯೇ ಕಿಸ್ ಸೇ ಬಾತ್ ಕರ್ ರಹೇ ಹೈಂ?" ಎಂದು ಕೇಳಿತು. ತಾಯಿ ಮೆಲ್ಲಗೆ, "ನೀರಿನ ಜೊತೆ ಮಾತಾಡ್ತಿದಾರೆ," ಎಂದಳು. ಅವಳಿಗೆ ಯಾರು ಹೇಳಿದ್ದರು? ಸಮುದ್ರದಿಂದ ಇಷ್ಟು ದೂರದ ಊರಿನಲ್ಲಿ, ಸರ್ಕಾರಿ ಹುಲ್ಲಿನ ಮೇಲೆ, ಎಲ್ಲರಿಗೂ ನೀರು ಕಂಡಿತ್ತು.

ನನಗೆ ಮಾತ್ರ ಭುಜ ಕಾಣುತ್ತಿರಲಿಲ್ಲ. ಮೊದಲ ಮೌನ ಬಂದಾಗ ಬೆರಳು ಸಾಲಿನ ಮೇಲೇ ಇತ್ತು. ಕೊಡಲೋ, ಬೇಡವೋ? ಆಗ ಕಂಡಿತು. ದೀಪದ ಬೆಳಕಿನಲ್ಲಿ, ಆ ಗಡ್ಡದ ಮುಂದೆ, ಬಿಳಿಯ ಆವಿ. ಬಂತು, ಕರಗಿತು, ಮತ್ತೆ ಬಂತು. ಬಾಯಲ್ಲಿ ಮಂಜುಗಡ್ಡೆ ಇಟ್ಟುಕೊಳ್ಳುತ್ತಿದ್ದ ಹೆಣದ ಕತೆ ನೆನಪಾಯಿತು. ಇವರು ಬದುಕಿದ್ದಾರೆ, ಕಾಯುತ್ತಿದ್ದಾರೆ. ನಾನೂ ಕಾದೆ. ಅಷ್ಟು ಉದ್ದದ ಮೌನವನ್ನು ನಾನು ಅಲ್ಲಿಯವರೆಗೆ ಯಾವ ರಂಗದ ಮೇಲೂ ನೋಡಿರಲಿಲ್ಲ. ಅವರು ಮಾತಾಡಿದಾಗ ಮೊದಲ ಸಾಲಿನವರು ಹಿಂದಕ್ಕೆ ಒರಗಿದರು, ಅಲೆ ಬಂದು ಹೋದಂತೆ.

ಮುಕ್ಕಾಲು ಭಾಗ ಹೀಗೆಯೇ ದಾಟಿತು. ಅವರು ಹಗ್ಗವನ್ನು ಎತ್ತಿ ಹಿಡಿದು ಸಮುದ್ರವನ್ನು ಏನೋ ಕೇಳಿದರು. ಮುಂದೆ ಕೊನೆಯ ಭಾಗ, ಹೆಂಡತಿಯ ಮಾತುಗಳು. ಅವರು ಸುಮ್ಮನಾದರು. ಆವಿ ಬರಲಿಲ್ಲ.

ನಾನು ಆ ಬೆಳಕಿನ ತುಂಡನ್ನೇ ನೋಡಿದೆ. ಬರಲಿಲ್ಲ. ಕಣ್ಣಿನಲ್ಲಿ ಆ ಭಯ ಬಂದಿತ್ತು. ಮೊದಲ ಸಾಲಿನಲ್ಲಿ ಹೆಲ್ಗಾ ಕುರ್ಚಿಯ ತುದಿಗೆ ಸರಿದದ್ದು ನನಗೆ ಕಂಡಿತು.

"ಕೊಮ್ದು ಹೇಯ್ಮ್," ಎಂದೆ.

ಗೋಪಾಲರಾಯರಿಗೆ ಕೇಳಿಸಬೇಕೆಂದು ವರ್ಷಗಟ್ಟಲೆ ಬೆಳೆಸಿದ ಗಂಟಲು. ಶಾಮಿಯಾನದ ಆ ನಿಶ್ಶಬ್ದದಲ್ಲಿ ನನ್ನ ಪಿಸುಮಾತು ಕೊನೆಯ ಸಾಲಿನವರೆಗೆ ಹೋಯಿತು. ತಲೆಗಳು ತಿರುಗಿದವು. ಎಲ್ಲ ಹಾಳಾಯಿತು ಎಂದುಕೊಂಡೆ.

ಎಯ್ನಾರ್ ಆ ಸಾಲನ್ನು ತಾವು ಹೇಳಲಿಲ್ಲ. ನಿಧಾನವಾಗಿ ಧ್ವನಿ ಬಂದ ಕಡೆಗೆ ತಿರುಗಿದರು. ನನ್ನನ್ನು ನೋಡಲಿಲ್ಲ. ನನ್ನ ಹಿಂದೆ ಇದ್ದ ಕತ್ತಲೆಯನ್ನು ನೋಡಿದರು. ಆ ಮುಖವನ್ನು ಬರೆಯಲು ನಾಲ್ಕು ವರ್ಷಗಳಿಂದ ಪ್ರಯತ್ನಿಸಿ ಬಿಟ್ಟಿದ್ದೇನೆ. ಬಹಳ ವರ್ಷ ಬಾಗಿಲ ಬಳಿ ಕೂತವನಿಗೆ ಚಿಲಕದ ಸದ್ದು ಕೇಳಿದರೆ ಹೇಗೋ ಹಾಗೆ, ಇಷ್ಟೇ ಹೇಳಬಲ್ಲೆ. ಉಸಿರನ್ನು ಒಳಗೆಳೆದುಕೊಂಡು 'ಹೌದು' ಎಂದರು. ನಾನು ಬಾಣ ಹಾಕಿ ಬರೆದಿದ್ದ ಆ 'ಹೌದು'. ನನ್ನ ಪ್ರತಿಯ ಆ ಜಾಗದಲ್ಲಿ ಅದು ಇರಲೇ ಇಲ್ಲ.

ಮತ್ತೆ ಆವಿ ಬಂತು. ಸಮವಾಗಿ. ಆದರೂ ಅವರು ಮುಂದುವರಿಯಲಿಲ್ಲ. ಕತ್ತಲೆಯನ್ನೇ ನೋಡುತ್ತಾ ನಿಂತರು. ಅವರ ಕಾನೂನಿನ ಪ್ರಕಾರ ನಾನು ಬಾಯಿ ಬಿಡಬಾರದು. ಆದರೆ ಅವರು ಕಾಯುತ್ತಿದ್ದದ್ದು ನನಗಾಗಿ ಎಂದು ತಿಳಿಯಿತು. ಮುಂದಿನ ಸಾಲು ಓದಿದೆ. ಅವರು ಉತ್ತರವೆಂಬಂತೆ ಅದರ ಮುಂದಿನದನ್ನು ಹೇಳಿದರು. ನಾನು ಮತ್ತೊಂದು. ಅವರು ಮತ್ತೊಂದು. ನನಗೆ ಅರ್ಥ ತಿಳಿಯದ ಮಾತುಗಳಲ್ಲಿ ನಾವಿಬ್ಬರೂ ಒಂದು ಹಳೆಯ ಮನೆಗೆ ನಡೆದುಹೋದೆವು. ಕೊನೆಗೆ ಅವರು ಹಗ್ಗ ಕೆಳಗಿಟ್ಟಾಗ, ಆ ಭಾರ ನನ್ನ ಕೈಯಿಂದಲೇ ಇಳಿದಂತಾಯಿತು. ನಾನು ಓದಿದ ಆ ಸಾಲುಗಳು ಅವರಿಗೆ ನೆನಪಿದ್ದವೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಚಪ್ಪಾಳೆ ತಡವಾಗಿ ಬಂತು. ಬಂದದ್ದು ನಿಲ್ಲಲಿಲ್ಲ.

ಪರದೆಯ ಹಿಂದೆ ಕೂತಿದ್ದ ನನಗೆ ಶೆಟ್ಟರ ಮಾತು ಕೇಳಿಸಿತು. "ಅಲ್ಲ, ಒಳಗೆ ಮಾತಾಡಿದ ಹೆಂಗಸು ಯಾರು ಮಾರಾಯ್ರೆ? ಐನಾರ್ರೊಟ್ಟಿಗೆ ಇನ್ನೊಬ್ರು ಬಂದದ್ದು ನಂಗೆ ಗೊತ್ತೇ ಇಲ್ಲ."

ಅಪ್ಪ, "ಅದು ಸಮುದ್ರ ಶೆಟ್ರೇ," ಎಂದರು. "ನಮ್ಮ ಮನೇಲೇ ಇರುತ್ತೆ."

ಹೆಲ್ಗಾ ನೇಪಥ್ಯಕ್ಕೆ ಬಂದಳು. ಆ 'ಐಟಂ' ಮಾತುಮಾತಿಗೆ ಅರ್ಥವಾದದ್ದು ಆ ಪಾರ್ಕಿನಲ್ಲಿ ಅವಳೊಬ್ಬಳಿಗೇ. ತಂದೆಯ ಕೋಟಿನ ಗುಂಡಿ ಬಿಚ್ಚುತ್ತಾ ಅವರ ಭಾಷೆಯಲ್ಲಿ ಏನೋ ಕೇಳಿದಳು. ಅವರು ಉತ್ತರಿಸಿದರು. ಅವಳ ಕೈ ಗುಂಡಿಯ ಮೇಲೆ ನಿಂತಿತು. ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು: "ಮರೆತಿರಾ ಅಂತ ಕೇಳಿದೆ. ಹೌದು ಅಂದರು. ಚಿಕ್ಕವಳಿದ್ದಾಗಿನಿಂದ ಈ ನಾಟಕ ನೋಡಿದೀನಿ. ಪ್ರತಿ ಸಲ ಅವನೊಬ್ಬನೇ ಉಳೀತಿದ್ದ. ಇವತ್ತು ಅವಳು ಬಂದಳು."

ಆ ಸಂಜೆಯ ನಮ್ಮ ಕನ್ನಡ ನಾಟಕದಲ್ಲಿ ಗೋಪಾಲರಾಯರು ಎರಡನೆಯ ದೃಶ್ಯದಲ್ಲೇ ನಿಂತರು. ನಾನು ಅವರ ಬಾಯಿಯ ಮುಂದೆ ಆವಿ ಹುಡುಕುತ್ತಾ ಕೂತುಬಿಟ್ಟೆ. ಮುಗಿದ ಮೇಲೆ ಅವರು ಬಣ್ಣ ಒರೆಸುತ್ತಾ, "ನನಗೆ ಸಮುದ್ರ ಬೇಡಮ್ಮ, ಡೈಲಾಗ್ ಬೇಕು," ಎಂದರು.

ಎಯ್ನಾರ್ ಹೊರಟದ್ದು ಜನವರಿ 31ರಂದು. ಅದಕ್ಕೆ ಮೊದಲು ಶೆಟ್ಟರ ಹೋಟೆಲಿನಲ್ಲಿ ಕೊನೆಯ ಕಾಫಿ ಕುಡಿಯುವಾಗ ನಾನು ಬರೆದಿದ್ದ ಕನ್ನಡದ ಪ್ರತಿಯನ್ನು ಕೇಳಿ ತೆಗೆದುಕೊಂಡರು. ಪುಟ ತಿರುವಿ, "ಬದುಕಿಡೀ ಆಡಿದ ಮಾತು. ನನಗೇ ಓದಕ್ಕಾಗಲ್ಲ," ಎಂದು ನಕ್ಕರು.

"ಮತ್ತೆ ರಂಗಕ್ಕೆ ಹೋಗ್ತೀರಾ?" ಎಂದೆ.

ಉಸಿರು ಒಳಗೆಳೆದು 'ಹೌದು' ಎಂದರು. ರಂಗಮಂದಿರದವರನ್ನು ಒಂದು ಮಾತು ಕೇಳುತ್ತಾರಂತೆ: ಪ್ರಾಂಪ್ಟರನ್ನು ಗೂಡಿನಿಂದ ಹೊರಗೆ ತಂದು, ಜನರಿಗೆ ಧ್ವನಿ ಕೇಳಿಸುವ ಕಡೆ ಕೂರಿಸಬೇಕು. "ಮರೆವು ಬಂದ್ರೆ ಅದಕ್ಕೂ ಒಂದು ಪಾತ್ರ ಕೊಡೋಣ," ಎಂದರು.

ಆಮೇಲೆ ಸುದ್ದಿಯಿಲ್ಲ. ಆ ಬೇಸಿಗೆಗೇ ಹೆಲ್ಗಾಳ ಸಂಸಾರ ದೆಹಲಿ ಬಿಟ್ಟಿತು. ಅವಳು ಕೊಟ್ಟ ವಿಳಾಸಕ್ಕೆ ಬರೆದದ್ದು ಹಿಂತಿರುಗಿ ಬಂತು. ಅಪ್ಪ ಮಾತ್ರ ಮುಂದಿನ ವರ್ಷ ಗೋಪಾಲರಾಯರಿಗೆ, "ನಮ್ಮ ಹುಡುಗಿಗೆ ಒಂದು ಪಾರ್ಟು ಕೊಡಿ. ಪರದೆ ಹಿಂದೆ ಇದ್ರೂ ಎಲ್ಲರಿಗೂ ಕೇಳುತ್ತೆ, ಮುಂದೇ ನಿಲ್ಲಲಿ," ಎಂದರು. ಮೂರು ವರ್ಷದಲ್ಲಿ ನಾಲ್ಕು ಪಾತ್ರ ಮಾಡಿದ್ದೇನೆ. ನನ್ನ ಮಾತುಗಳಿಗಿಂತ ನನ್ನ ಮೌನಗಳು ಚೆನ್ನಾಗಿವೆ ಎಂದು ಒಬ್ಬಿಬ್ಬರು ಹೇಳಿದ್ದಾರೆ.

ಇದನ್ನು ಓದುವವರಲ್ಲಿ ಯಾರಿಗಾದರೂ ಆ ದೇಶದ ಸಂಪರ್ಕವಿದ್ದರೆ, ಹಡಗಿನಲ್ಲಿ ಕೆಲಸ ಮಾಡುವ ಬಂಧುಗಳೋ ಅಲ್ಲಿಗೆ ಹೋಗಿಬಂದ ಅಧಿಕಾರಿಗಳೋ ಇದ್ದರೆ, ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಎಯ್ನಾರ್ ಮತ್ತೆ ರಂಗದ ಮೇಲೆ ನಿಂತರೇ? ಪಕ್ಕದಲ್ಲಿ ಯಾರು ಕೂತಿದ್ದರು? ಆ ದೇಶದ ಯಾವುದಾದರೂ ಮನೆಯಲ್ಲಿ ಕನ್ನಡ ಅಕ್ಷರದ ಒಂದು ಕಟ್ಟು ಹಾಳೆ ಕಂಡರೆ ಅದು ನನ್ನದು. ಅದನ್ನು ಓದಬಲ್ಲವರು ಅಲ್ಲಿಲ್ಲ, ಅರ್ಥವಾಗುವವರು ಇಲ್ಲಿಲ್ಲ. ನೀವು ಅಲ್ಲಿದ್ದರೆ, ಆ ಮನೆಯವರನ್ನೆಲ್ಲ ಕೂರಿಸಿಕೊಂಡು ಗಟ್ಟಿಯಾಗಿ ಓದಿ. ಬಾಣ ಇರುವ ಕಡೆ ಉಸಿರು ಒಳಗೆಳೆದುಕೊಳ್ಳಿ. ಕೇಳಿದವರ ಮುಖ ಹೇಗಾಯಿತೆಂದು ನನಗೆ ಬರೆಯಿರಿ.